ಓಸ್ಟ್‌ವಾಲ್ಡ್ ವಿಸ್ಕೋಮೀಟರ್‌ನಲ್ಲಿ ಬೆಳಿಗ್ಗೆ ಒಂದು ಉತ್ತರ, ಮಧ್ಯಾಹ್ನ ಇನ್ನೊಂದು: ಸ್ನಿಗ್ಧತೆಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಕಬ್ಬಿನೂರು ವಿದ್ಯಾರ್ಥಿನಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಕಾಲೇಜಿನಲ್ಲಿ ಬಿ.ಫಾರ್ಮ ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಓಸ್ಟ್‌ವಾಲ್ಡ್ ವಿಸ್ಕೋಮೀಟರ್‌ನಿಂದ ಗ್ಲಿಸರಿನ್ ದ್ರಾವಣದ ಸ್ನಿಗ್ಧತೆ, ಅಂದರೆ ಹರಿಯುವುದಕ್ಕೆ ದ್ರವ ಒಡ್ಡುವ ತಡೆ, ಅಳೆಯುವ ಪ್ರಯೋಗವಿತ್ತು. ಕಿರಿದಾದ ಗಾಜಿನ ನಳಿಕೆಯಲ್ಲಿ ದ್ರಾವಣ ಇಳಿಯುವ ಸಮಯವನ್ನು ನೀರು ಇಳಿಯುವ ಸಮಯಕ್ಕೆ ಹೋಲಿಸುವ ಉಪಕರಣ ಅದು. ಒಂದೇ ಬಾಟಲಿಯ ದ್ರಾವಣ, ಒಂದೇ ಉಪಕರಣ. ಆದರೂ ಬೆಳಗಿನ ತಂಡದವರ ಉತ್ತರಕ್ಕಿಂತ ಮಧ್ಯಾಹ್ನದ ನಮ್ಮ ಉತ್ತರ ಸಾಕಷ್ಟು ಕಡಿಮೆ ಬಂತು. ನೀರಿನ ಸ್ನಿಗ್ಧತೆಯನ್ನು ಎರಡೂ ತಂಡದವರು 1 ಸೆಂಟಿಪಾಯ್ಸ್ ಎಂದೇ ಹಿಡಿದಿದ್ದೆವು. ಸಮಯವನ್ನು ಹಲವು ಬಾರಿ ನೋಡಿ ಸರಾಸರಿ ತೆಗೆದಿದ್ದೆವು.

ಇನ್ನೊಂದು ಪ್ರಶ್ನೆ. ದ್ರವವನ್ನು ದಪ್ಪ ಮಾಡಲು ಬಳಸುವ ಸೋಡಿಯಂ ಸಿಎಂಸಿಯ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ದ್ರಾವಣವನ್ನು ಈ ಗಾಜಿನ ನಳಿಕೆಗೆ ಹಾಕಬೇಡಿ ಎಂದು ಕಾಲೇಜಿನಲ್ಲಿ ಹೇಳಿದರು. ಅದು ನ್ಯೂಟನ್ ನಿಯಮ ಪಾಲಿಸದ ದ್ರವ ಎನ್ನುವಷ್ಟರಲ್ಲಿ ಪುಸ್ತಕದ ವಿವರಣೆ ಮುಗಿಯುತ್ತದೆ. ಹರಿವು ಪದರ ಪದರವಾಗಿದೆಯೇ ಕಲಕಿಹೋಗಿದೆಯೇ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆಯನ್ನು ಹಿಂದಿನ ಸೆಮಿಸ್ಟರಿನ ಎಂಜಿನಿಯರಿಂಗ್ ವಿಷಯದಲ್ಲಿ ಓದಿದ್ದೆವು, ಈಗ ಸ್ನಿಗ್ಧತೆ ಓದುತ್ತಿದ್ದೇವೆ. ಎರಡಕ್ಕೂ ಇರುವ ನಂಟನ್ನು ಯಾರೂ ಕೂಡಿಸಿ ಹೇಳಲಿಲ್ಲ. ಬಾಯಿಪಾಠ ಮಾಡಿ ಪಾಸಾಗಬಹುದು, ಆದರೆ ನನಗೆ ಅದು ಬೇಡ. ದಯವಿಟ್ಟು ತಿಳಿದವರು ಬಿಡಿಸಿ ಹೇಳಿ.

ಫಾರ್ಮಸಿ ಮೇಷ್ಟ್ರು, ಮೈಸೂರು

ಒಳ್ಳೆಯ ಪ್ರಶ್ನೆ. ನಿಮ್ಮ ಎರಡೂ ತಂಡಗಳ ಪ್ರಯೋಗ ಕೆಟ್ಟಿಲ್ಲ. ಉಷ್ಣತೆಯನ್ನು ಯಾರೂ ಬರೆದುಕೊಂಡಿಲ್ಲ, ತೊಡಕು ಇರುವುದು ಅಲ್ಲಿ.

ಮೊದಲು ಮೂಲಕ್ಕೆ ಹೋಗೋಣ. ದ್ರವವನ್ನು ತೆಳುವಾದ ಪದರಗಳ ರಾಶಿ ಎಂದುಕೊಳ್ಳಿ. ಮೇಲಿನ ಪದರವನ್ನು ತಳ್ಳಿದರೆ ಅದು ಕೆಳಗಿನದನ್ನು ಎಳೆಯುತ್ತದೆ, ಕೆಳಗಿನದು ಮೇಲಿನದನ್ನು ತಡೆಯುತ್ತದೆ. ಪದರದಿಂದ ಪದರಕ್ಕೆ ವೇಗ ಎಷ್ಟು ಬದಲಾಗುತ್ತದೆ ಎನ್ನುವುದು ಶಿಯರ್ ದರ. ಆ ಬದಲಾವಣೆಗೆ ಪ್ರತಿ ಚದರ ಮೀಟರಿಗೆ ಬೇಕಾದ ಬಲ ಶಿಯರ್ ಒತ್ತಡ. ಎರಡೂ ಒಂದೇ ಅನುಪಾತದಲ್ಲಿ ಏರುತ್ತವೆ ಎಂದು 1687ರಲ್ಲಿ ನ್ಯೂಟನ್ ಮುಂದಿಟ್ಟರು. ಆ ಅನುಪಾತವೇ ಸ್ನಿಗ್ಧತೆ. ಅದರ ಮಾನ ಪಾಸ್ಕಲ್ ಸೆಕೆಂಡ್. ಔಷಧಶಾಸ್ತ್ರದವರು ಹೆಚ್ಚು ಬಳಸುವುದು ಸೆಂಟಿಪಾಯ್ಸ್, ಅಂದರೆ ಪಾಸ್ಕಲ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ.

ಈಗ ನಿಮ್ಮ 1 ಸೆಂಟಿಪಾಯ್ಸ್ ವಿಚಾರ. ನೀರಿನ ಸ್ನಿಗ್ಧತೆ 1 ಆಗಿರುವುದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ. 25ರಲ್ಲಿ ಅದು 0.89, 30ರಲ್ಲಿ 0.80, 35ರಲ್ಲಿ 0.72. ಚಳಿಗಾಲದ ಬೆಳಿಗ್ಗೆ ಮೈಸೂರಿನ ಪ್ರಯೋಗಾಲಯ ಒಂದು ಉಷ್ಣತೆಯಲ್ಲಿರುತ್ತದೆ. ಬಿಸಿಲು ಏರಿದ ಮೇಲೆ, ಪಕ್ಕದ ಮೇಜಿನಲ್ಲಿ ಬರ್ನರ್ ಉರಿಯುವಾಗ, ಇನ್ನೊಂದು. ಗ್ಲಿಸರಿನ್ ಇನ್ನೂ ಸೂಕ್ಷ್ಮ. ತೂಕದ ಲೆಕ್ಕದಲ್ಲಿ ಅರ್ಧ ಗ್ಲಿಸರಿನ್ ಇರುವ ದ್ರಾವಣ 20 ಡಿಗ್ರಿಯಲ್ಲಿ ಸುಮಾರು 6 ಸೆಂಟಿಪಾಯ್ಸ್, 30ರಲ್ಲಿ ಸುಮಾರು 4.2. ಶುದ್ಧ ಗ್ಲಿಸರಿನ್ ಅಂತೂ 20ರಲ್ಲಿ ಸುಮಾರು 1,400 ಇದ್ದದ್ದು 30ಕ್ಕೆ ಬರುವಷ್ಟರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

ಹಾಗಾಗಿ ನಿಮ್ಮ ಎರಡು ಉತ್ತರಗಳ ನಡುವಿನ ಅಂತರದಲ್ಲಿ ಎರಡು ಸಂಗತಿಗಳು ಬೆರೆತಿವೆ. ದ್ರಾವಣ ನಿಜವಾಗಿಯೂ ತೆಳುವಾಗಿದೆ. ಜೊತೆಗೆ, ಹೋಲಿಕೆಗೆ ಹಿಡಿದ ನೀರಿನ ಬೆಲೆಯನ್ನು ಆ ಹೊತ್ತಿನ ಉಷ್ಣತೆಗೆ ತಿದ್ದಿಲ್ಲ. ನಳಿಕೆಯನ್ನು 25 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ದ್ರವವೂ ಆ ಉಷ್ಣತೆಗೆ ಬರುವವರೆಗೆ ಕಾದು, ನೀರಿಗೆ 0.89 ಹಾಕಿ ಲೆಕ್ಕ ಮಾಡಿ. ಬೆಳಿಗ್ಗೆ ಮಧ್ಯಾಹ್ನಗಳ ಜಗಳ ಅಲ್ಲಿಗೆ ಮುಗಿಯುತ್ತದೆ.

ನಳಿಕೆ ಕಟ್ಟುನಿಟ್ಟಾಗಿ ನೆಟ್ಟಗಿರಬೇಕು, ನೀರನ್ನೂ ದ್ರಾವಣವನ್ನೂ ಒಂದೇ ಪ್ರಮಾಣದಲ್ಲಿ ಹಾಕಬೇಕು. ದ್ರವ ಇಳಿಯುವುದು ತನ್ನದೇ ಭಾರದಿಂದ. ಎತ್ತರ ಬದಲಾದರೆ ತಳ್ಳುವ ಒತ್ತಡವೂ ಬದಲಾಗುತ್ತದೆ. ಸಾಂದ್ರತೆಯನ್ನು ಸಮಯದಿಂದ ಗುಣಿಸುವುದೂ ಇದೇ ಕಾರಣಕ್ಕೆ.

ಇನ್ನು ಒಳಗಿನ ಸ್ವಚ್ಛತೆ. ಇದನ್ನು ವಿದ್ಯಾರ್ಥಿಗಳು ಲೆಕ್ಕಕ್ಕೇ ಇಡುವುದಿಲ್ಲ. ಕೇಶನಾಳದಲ್ಲಿ, ಅಂದರೆ ಉಪಕರಣದ ಆ ಕಿರಿದಾದ ನಳಿಕೆಯಲ್ಲಿ, ಹರಿಯುವ ಪ್ರಮಾಣ ತ್ರಿಜ್ಯದ ನಾಲ್ಕನೇ ಘಾತವನ್ನು ಅವಲಂಬಿಸಿದೆ. ಹಿಂದಿನ ತಂಡದವರು ತೊಳೆಯದೆ ಬಿಟ್ಟ ಗ್ಲಿಸರಿನ್ ಒಳಗೋಡೆಗೆ ಅಂಟಿ ತ್ರಿಜ್ಯ ಶೇಕಡಾ 5ರಷ್ಟು ಕಿರಿದಾದರೂ ಹರಿವು ಶೇಕಡಾ 18ಕ್ಕಿಂತ ಹೆಚ್ಚು ತಗ್ಗುತ್ತದೆ. ಕಣ್ಣಿಗೆ ಕಾಣದ ಒಂದು ಪೊರೆ ನಿಮ್ಮ ಇಡೀ ಪ್ರಯೋಗವನ್ನು ತಿರುಗಿಸಿಬಿಡಬಲ್ಲದು.

ವಾರ್ಡ್ ಸಿಸ್ಟರ್, ಮಂಡ್ಯ

ಮೇಷ್ಟ್ರು ಹೇಳಿದ ನಾಲ್ಕನೇ ಘಾತವನ್ನು ನಾವು ದಿನವೂ ಕೈಯಲ್ಲಿ ಹಿಡಿಯುತ್ತೇವೆ. ಅದರ ಹೆಸರು ಪಾಯ್ಸೆಲ್ ನಿಯಮ ಎಂದು ನರ್ಸಿಂಗ್ ಓದುವಾಗ ಕೇಳಿದ್ದು. ರಕ್ತಸ್ರಾವವಾಗಿ ಬಂದ ಬಾಣಂತಿಗೆ ನಾವು ಹುಡುಕುವುದು ಹಸಿರು ಬಣ್ಣದ 18 ಗೇಜ್ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ), ಸಾಧ್ಯವಾದರೆ ಬೂದು ಬಣ್ಣದ 16. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ನಳಿಕೆ ಅಗಲ. ನೀಲಿ ಬಣ್ಣದ 22 ಗೇಜ್ ಹಾಕಿ ಬಾಟಲಿಯನ್ನು ಎಷ್ಟು ಎತ್ತರಕ್ಕೆ ತೂಗುಹಾಕಿದರೂ ಬೇಕಾದ ವೇಗ ಬರುವುದಿಲ್ಲ. ಎತ್ತರ ಹೆಚ್ಚಿಸಿದರೆ ಹರಿವು ಒತ್ತಡದಷ್ಟೇ ಹೆಚ್ಚುತ್ತದೆ. ಒಳವ್ಯಾಸ ಎರಡರಷ್ಟಾದರೆ ಲೆಕ್ಕದ ಪ್ರಕಾರ ಹದಿನಾರು ಪಟ್ಟು.

ಉದ್ದವೂ ಮುಖ್ಯ. ಅಷ್ಟೇ ದಪ್ಪದ ಉದ್ದ ಕ್ಯಾತಿಟರ್‌ಗಿಂತ ಗಿಡ್ಡ ಕ್ಯಾನುಲಾದಲ್ಲಿ ದ್ರವ ಬೇಗ ಹೋಗುತ್ತದೆ. ಫ್ರಿಜ್‌ನಿಂದ ತೆಗೆದ ಕೆಂಪು ರಕ್ತಕಣಗಳ ಚೀಲ ಸಲೈನಿಗಿಂತ ನಿಧಾನವಾಗಿ ಇಳಿಯುವುದನ್ನು ನೋಡಿದ ರೋಗಿಯ ಕಡೆಯವರು ಗಾಬರಿಯಾಗುತ್ತಾರೆ. ತಣ್ಣಗಿದೆ, ಮಂದವಾಗಿದೆ, ಹಾಗಾಗಿ ನಿಧಾನ ಎಂದು ಅವರಿಗೆ ತಿಳಿಸುತ್ತೇನೆ. ಅದನ್ನು ಬಿಸಿನೀರಿನಲ್ಲಿ ಇಡಬಾರದು, ಕಣಗಳು ಒಡೆಯುತ್ತವೆ. ಬೆಚ್ಚಗೆ ಮಾಡಲೇಬೇಕಾದರೆ ಅದಕ್ಕೆಂದೇ ಇರುವ ಉಪಕರಣವನ್ನೇ ಬಳಸಬೇಕು.

ಫಾರ್ಮಸಿ ಮೇಷ್ಟ್ರು, ಮೈಸೂರು

ಸಿಸ್ಟರ್, ನಿಮ್ಮ ಉದಾಹರಣೆ ಬಹಳ ಸರಿಯಾದದ್ದು, ಏಕೆಂದರೆ ಪಾಯ್ಸೆಲ್ ಸ್ವತಃ ವೈದ್ಯರು. ಫ್ರಾನ್ಸಿನ ಅವರು ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ತಿಳಿಯಲು ಹೊರಟು, ಸಣ್ಣ ಗಾಜಿನ ನಳಿಕೆಗಳಲ್ಲಿ ನೀರು ಹರಿಸಿ ಅಳೆದರು. ಅದೇ ಸುಮಾರಿಗೆ, 1839ರಲ್ಲಿ, ಜರ್ಮನಿಯ ಹಾಗೆನ್ ಕೂಡ ಸ್ವತಂತ್ರವಾಗಿ ಇದನ್ನು ಪ್ರಕಟಿಸಿದ್ದರಿಂದ ಇಬ್ಬರ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಪಾಯ್ಸ್ ಎಂಬ ಮಾನ ಬಂದದ್ದು ಪಾಯ್ಸೆಲ್ ಅವರ ಹೆಸರಿನಿಂದ.

ವಿದ್ಯಾರ್ಥಿಗಳು ಒಂದು ಮಾತು ನೆನಪಿಡಬೇಕು. ಈ ಸೂತ್ರ ಸಲ್ಲುವುದು ಪದರ ಪದರವಾಗಿ ಸಾಗುವ ಹರಿವಿಗೆ, ನ್ಯೂಟನ್ ನಿಯಮ ಪಾಲಿಸುವ ದ್ರವಕ್ಕೆ, ಸಾಕಷ್ಟು ಉದ್ದದ ನಳಿಕೆಗೆ. ಗಿಡ್ಡ ಕ್ಯಾನುಲಾದಲ್ಲಿ ಒತ್ತಡ ಹಾಕಿ ರಕ್ತ ಕೊಡುವಾಗ ಈ ಮೂರೂ ಷರತ್ತುಗಳು ಸಡಿಲವಾಗುತ್ತವೆ. ಅಲ್ಲಿ ಹದಿನಾರು ಪಟ್ಟು ಸಿಗುವುದಿಲ್ಲ, ದಿಕ್ಕು ಮಾತ್ರ ಸರಿಯಾಗಿಯೇ ಇರುತ್ತದೆ.

ಆಲೆಮನೆ ಪಕ್ಕದವರು, ಪಾಂಡವಪುರ

ನಾನು ಔಷಧ ಓದಿದವನಲ್ಲ. ಆದರೂ ಒಂದು ಅನುಮಾನ. ಬಿಸಿಯಾದರೆ ದ್ರವ ತೆಳುವಾಗುತ್ತದೆ ಎಂದಿರಿ. ನಮ್ಮ ಆಲೆಮನೆಯ ಕೊಪ್ಪರಿಗೆಯಲ್ಲಿ ನಡೆಯುವುದು ಇದಕ್ಕೆ ತಿರುಗಾಮುರುಗಾ. ಕಬ್ಬಿನ ಹಾಲು ಒಲೆಯ ಮೇಲೆ ಕುದಿಯುತ್ತಾ ಹೋದಂತೆ ಶಾಖ ಏರುತ್ತದೆ, ಪಾಕ ಮಾತ್ರ ಗಟ್ಟಿಯಾಗುತ್ತಾ ಬರುತ್ತದೆ. ಕೊನೆಯಲ್ಲಿ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುತ್ತದೆಯೇ ಎಂದು ಬೆರಳಲ್ಲಿ ನೋಡಿ ಹದ ತೀರ್ಮಾನಿಸುತ್ತಾರೆ. ಇದಕ್ಕೆ ಏನು ಹೇಳುತ್ತೀರಿ, ತಂಗಿ?

ಕಬ್ಬಿನೂರು ವಿದ್ಯಾರ್ಥಿನಿ, ಮಂಡ್ಯ

ಅಣ್ಣಾ, ನನಗೆ ತೋಚಿದ್ದನ್ನು ಹೇಳುತ್ತೇನೆ, ಮೇಷ್ಟ್ರು ತಿದ್ದಲಿ. ಕೊಪ್ಪರಿಗೆಯಲ್ಲಿ ಶಾಖದ ಜೊತೆಗೆ ನೀರಿನ ಪ್ರಮಾಣವೂ ಬದಲಾಗುತ್ತಿದೆ. ನೀರು ಆವಿಯಾಗಿ ಸಕ್ಕರೆಯ ಪಾಲು ಏರುತ್ತದೆ. ಶಾಖ ಪಾಕವನ್ನು ತೆಳುವಾಗಿಸಲು ನೋಡುತ್ತದೆ, ಸಕ್ಕರೆ ಗಟ್ಟಿ ಮಾಡಲು ನೋಡುತ್ತದೆ, ಸಕ್ಕರೆ ಗೆಲ್ಲುತ್ತದೆ.

ಫಾರ್ಮಸಿ ಮೇಷ್ಟ್ರು, ಮೈಸೂರು

ತಿದ್ದುವುದೇನೂ ಇಲ್ಲ. ಅಂಕಿ ಮಾತ್ರ ಸೇರಿಸುತ್ತೇನೆ. 20 ಡಿಗ್ರಿಯಲ್ಲಿ ಶೇಕಡಾ 20ರ ಸಕ್ಕರೆ ದ್ರಾವಣ ಸುಮಾರು 2 ಸೆಂಟಿಪಾಯ್ಸ್, ಶೇಕಡಾ 40ರದ್ದು ಸುಮಾರು 6, ಶೇಕಡಾ 60ರದ್ದು ಹೆಚ್ಚುಕಡಿಮೆ 58. ಸಕ್ಕರೆ ಮೂರು ಪಟ್ಟಾದರೆ ಸ್ನಿಗ್ಧತೆ ಸುಮಾರು ಮೂವತ್ತು ಪಟ್ಟು. ನಮ್ಮ ಫಾರ್ಮಕೋಪಿಯಾದ (ಔಷಧಗಳ ಅಧಿಕೃತ ಗ್ರಂಥ) ಸಾದಾ ಸಿರಪ್‌ನಲ್ಲಿ ತೂಕದ ಲೆಕ್ಕದಲ್ಲಿ ಶೇಕಡಾ 66.7 ಸಕ್ಕರೆ ಇರುತ್ತದೆ. ಅಂದರೆ ಈ ಕಡಿದಾದ ಏರಿನ ಮೇಲೆ ಅದು ನಿಂತಿದೆ. ಸಕ್ಕರೆ ತೂಗುವಾಗ ಸ್ವಲ್ಪ ಹೆಚ್ಚುಕಡಿಮೆಯಾದರೂ ಹರಿವಿನಲ್ಲಿ ಅದು ಎದ್ದು ಕಾಣುತ್ತದೆ.

ನಂಜನಗೂಡು ಫಾರ್ಮುಲೇಷನ್

ಔಷಧ ತಯಾರಿಕೆಯಲ್ಲಿ ಕೆಲಸ ಮಾಡುವವನು ನಾನು. ಮೊದಲು ರೆನಾಲ್ಡ್ಸ್ ಸಂಖ್ಯೆಯ ಪ್ರಶ್ನೆ. ಹರಿವಿನ ವೇಗ, ಪೈಪಿನ ವ್ಯಾಸ, ದ್ರವದ ಸಾಂದ್ರತೆ ಮೂರನ್ನೂ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ನೀವು ಕೇಳಿದ ನಂಟು ಆ ಛೇದದಲ್ಲಿದೆ. 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆ ಬಿಟ್ಟು, ವೇಗ ಏರಿಸಿದಂತೆ ಆ ಎಳೆ ಯಾವಾಗ ಚದುರುತ್ತದೆ ಎಂದು ನೋಡಿದರು. ಕೊಳವೆಯಲ್ಲಿ ಈ ಸಂಖ್ಯೆ ಸುಮಾರು 2,000ಕ್ಕಿಂತ ಕಡಿಮೆ ಇದ್ದರೆ ಪದರ ಹರಿವು, 4,000 ದಾಟಿದರೆ ಪ್ರಕ್ಷುಬ್ಧ ಹರಿವು ಎಂಬುದು ಈಗಿನ ರೂಢಿ.

ಲೆಕ್ಕ ಹಾಕಿ ನೋಡಿ. 25 ಮಿಲಿಮೀಟರ್ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನೀರು ಹೋದರೆ ಸಂಖ್ಯೆ 25,000, ಪೂರ್ತಿ ಪ್ರಕ್ಷುಬ್ಧ. ಅದೇ ಪೈಪು, ಅದೇ ವೇಗ, ಶುದ್ಧ ಗ್ಲಿಸರಿನ್ ಆದರೆ ಸಂಖ್ಯೆ 22ರ ಆಸುಪಾಸು. ನೀರಿನಲ್ಲಿ ಬಣ್ಣ ಬಿಟ್ಟರೆ ಪೈಪಿನೊಳಗೇ ಬೆರೆತುಹೋಗುತ್ತದೆ. ಗ್ಲಿಸರಿನ್‌ನಲ್ಲಿ ಬಿಟ್ಟರೆ ಎಳೆ ಎಳೆಯಾಗಿಯೇ ಆಚೆ ಬರುತ್ತದೆ. ತೆಳು ದ್ರವದ ತೊಟ್ಟಿಗೆ ಸಣ್ಣ ಪ್ರೊಪೆಲ್ಲರ್ ಸಾಕಾಗಿ, ಮುಲಾಮಿನ ತೊಟ್ಟಿಗೆ ಗೋಡೆಗೆ ತಾಗುವಂತೆ ತಿರುಗುವ ಆಂಕರ್ ಕಲಕ ಬೇಕಾಗುವುದು ಇದರಿಂದಲೇ.

ಈಗ ನಿಮ್ಮ ಸಿಎಂಸಿ ಪ್ರಶ್ನೆ. ಇದರ ಬಗ್ಗೆ ನನಗೆ ಬಹಳ ಕಾಳಜಿ ಇದೆ, ಏಕೆಂದರೆ ಸಂದರ್ಶನಕ್ಕೆ ಬರುವ ಪದವೀಧರರು ಎಡವುವುದು ಇಲ್ಲಿಯೇ. ಒಂದು ಸಸ್ಪೆನ್ಷನ್ (ಕರಗದ ಔಷಧದ ಕಣಗಳು ಹರಡಿರುವ ದ್ರವ) ತೋರಿಸಿ ಇದರ ಸ್ನಿಗ್ಧತೆ ಎಷ್ಟು ಎಂದು ಕೇಳಿದರೆ ಥಟ್ಟನೆ ಒಂದು ಅಂಕಿ ಹೇಳುತ್ತಾರೆ. ಯಾವ ಶಿಯರ್‌ನಲ್ಲಿ ಎಂದರೆ ಸುಮ್ಮನಾಗುತ್ತಾರೆ. ನೀರು, ಗ್ಲಿಸರಿನ್, ಸಕ್ಕರೆ ಸಿರಪ್‌ಗಳನ್ನು ನಿಧಾನವಾಗಿ ಕಲಕಿದರೂ ಜೋರಾಗಿ ಕಲಕಿದರೂ ಸ್ನಿಗ್ಧತೆ ಒಂದೇ. ಸಿಎಂಸಿ, ಟ್ರಾಗಕಾಂತ್, ಸೋಡಿಯಂ ಆಲ್ಜಿನೇಟ್, ಕ್ಸಾಂಥನ್ ಗೋಂದುಗಳ ದ್ರಾವಣಗಳು ಹಾಗಲ್ಲ. ಅವುಗಳಲ್ಲಿ ಉದ್ದುದ್ದ ಅಣುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿರುತ್ತವೆ. ಜೋರಾಗಿ ಎಳೆದರೆ ಬಿಡಿಸಿಕೊಂಡು ಹರಿವಿನ ದಿಕ್ಕಿಗೆ ಸಾಲಾಗುತ್ತವೆ, ಆಗ ದ್ರವ ತೆಳುವಾಗುತ್ತದೆ. ಇವು ಸ್ಯೂಡೋಪ್ಲಾಸ್ಟಿಕ್ ದ್ರವಗಳು.

ಓಸ್ಟ್‌ವಾಲ್ಡ್ ನಳಿಕೆಯ ಒಳಗೆ ಶಿಯರ್ ದರ ಎಲ್ಲೆಡೆ ಒಂದೇ ಆಗಿರುವುದಿಲ್ಲ. ನಡುವೆ ಸೊನ್ನೆ, ಗೋಡೆಯ ಬಳಿ ಗರಿಷ್ಠ. ಅದನ್ನು ನಾವು ಬೇಕಾದಂತೆ ಬದಲಿಸಲೂ ಆಗುವುದಿಲ್ಲ. ನ್ಯೂಟನ್ ದ್ರವಕ್ಕೆ ಇದರಿಂದ ತೊಂದರೆಯಿಲ್ಲ. ಸಿಎಂಸಿ ದ್ರಾವಣವಾದರೆ ಗೋಡೆಯ ಬಳಿ ತೆಳು, ನಡುವೆ ಮಂದ, ಕೊನೆಗೆ ನಿಮ್ಮ ಕೈಗೆ ಒಂದೇ ಸಮಯ. ಆ ಸಮಯದಿಂದ ಬಂದ ಅಂಕಿ ಯಾವುದನ್ನು ಹೇಳುತ್ತದೆ? ಅದಕ್ಕೇ ಬ್ರೂಕ್‌ಫೀಲ್ಡ್‌ನಂತಹ ತಿರುಗುವ ವಿಸ್ಕೋಮೀಟರ್ ಬೇಕು. ವರದಿಯಲ್ಲಿ ಸ್ಪಿಂಡಲ್ (ದ್ರವದೊಳಗೆ ತಿರುಗುವ ಕಡ್ಡಿ) ಸಂಖ್ಯೆ, ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ಉಷ್ಣತೆ ಎಂಬ ಮೂರೂ ಇಲ್ಲದಿದ್ದರೆ ನಾನು ಆ ಅಂಕಿಗೆ ಸಹಿ ಹಾಕುವುದಿಲ್ಲ.

ಓದುಗ, ಶ್ರೀರಂಗಪಟ್ಟಣ

ನಡುವೆ ಬಂದದ್ದಕ್ಕೆ ಕ್ಷಮಿಸಿ. ದಪ್ಪಗಿರುವ ಸಿರಪ್‌ನಲ್ಲಿ ಔಷಧದ ಅಂಶ ಹೆಚ್ಚು ಇರುತ್ತದೆ, ತೆಳುವಾಗಿದ್ದರೆ ನೀರು ಬೆರೆಸಿರುತ್ತಾರೆ ಎಂದು ನಮ್ಮ ಮನೆಯಲ್ಲಿ ನಂಬುತ್ತಾರೆ. ನಿಜವೇ?

ಔಷಧಿ ಅಂಗಡಿ, ಮಂಡ್ಯ

ನಿಜವಲ್ಲ. ಔಷಧದ ಪ್ರಮಾಣ ತಿಳಿಯಲು ಲೇಬಲ್ ಮೇಲೆ ಪ್ರತಿ 5 ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಬರೆದಿರುವುದನ್ನು ನೋಡಿ. ದಪ್ಪ ಬರುವುದು ಸಕ್ಕರೆ, ಸಾರ್ಬಿಟಾಲ್, ಗೋಂದುಗಳಿಂದ. ನಮ್ಮ ಅಂಗಡಿಗೆ ಬರುವ ತಾಯಂದಿರಿಗೆ ನಾನು ತಪ್ಪದೆ ಹೇಳುವುದು ಬಾಟಲಿ ಅಲುಗಾಡಿಸುವ ವಿಚಾರ. ಸಸ್ಪೆನ್ಷನ್ ಎಂದು ಬರೆದಿದ್ದರೆ ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಬೇಕು. ಇಲ್ಲದಿದ್ದರೆ ಮಗುವಿಗೆ ಮೊದಲ ದಿನ ಔಷಧ ಕಡಿಮೆ, ಬಾಟಲಿಯ ತಳಕ್ಕೆ ಬಂದಾಗ ಜಾಸ್ತಿ. ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ. ಚಮಚದ ಗಾತ್ರ ಮನೆಗೊಂದು, ದಪ್ಪ ದ್ರವ ಅದಕ್ಕೆ ಅಂಟಿಕೊಂಡು ಉಳಿಯುವುದು ಬೇರೆ. ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವನ್ನೋ ಬಾಯಿಗೆ ಹಾಕುವ ಸಿರಿಂಜನ್ನೋ ಬಳಸಿ. ಫ್ರಿಜ್‌ನಲ್ಲಿಟ್ಟ ಆಂಟಿಬಯಾಟಿಕ್ ತಣ್ಣಗಿದ್ದಾಗ ಮಂದವಾಗಿರುತ್ತದೆ, ಇನ್ನೂ ಸ್ವಲ್ಪ ಹೊತ್ತು ಅಲುಗಾಡಿಸಿ. ಬಿಸಿನೀರು ಬೆರೆಸಿ ತೆಳು ಮಾಡಬೇಡಿ.

ಫಾರ್ಮಸಿ ಮೇಷ್ಟ್ರು, ಮೈಸೂರು

ಕಣಗಳು ಹೀಗೆ ತಳಕ್ಕೆ ಇಳಿಯುವುದನ್ನೇ 1851ರಲ್ಲಿ ಸ್ಟೋಕ್ಸ್ ಸೂತ್ರಕ್ಕೆ ತಂದರು. ಕಣ ಇಳಿಯುವ ವೇಗ ಕಣದ ವ್ಯಾಸದ ವರ್ಗಕ್ಕೂ, ಕಣ ಮತ್ತು ದ್ರವದ ಸಾಂದ್ರತೆಗಳ ವ್ಯತ್ಯಾಸಕ್ಕೂ ಅನುಪಾತದಲ್ಲಿದೆ. ಸ್ನಿಗ್ಧತೆ ಹೆಚ್ಚಾದಷ್ಟೂ ವೇಗ ಕಡಿಮೆ. ಕಣವನ್ನು ಅರ್ಧಕ್ಕೆ ಪುಡಿ ಮಾಡಿದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ನುಣ್ಣಗೆ ಅರೆಯಿರಿ, ಸ್ನಿಗ್ಧತೆ ಹೆಚ್ಚಿಸಿ.

ನಂಜನಗೂಡು ಫಾರ್ಮುಲೇಷನ್

ಮೇಷ್ಟ್ರೇ, ಇಲ್ಲಿ ನಾನು ನಿಮ್ಮೊಂದಿಗೆ ಪೂರ್ತಿ ಒಪ್ಪುವುದಿಲ್ಲ. ಬರೀ ನುಣ್ಣಗೆ ಅರೆದು, ಕಣಗಳು ಒಂದನ್ನೊಂದು ದೂರ ತಳ್ಳುವಂತೆ ಬಿಟ್ಟರೆ ಅವು ನಿಧಾನವಾಗಿ ಇಳಿಯುತ್ತವೆ, ನಿಜ. ಆದರೆ ಇಳಿದ ಮೇಲೆ ತಳದಲ್ಲಿ ಒತ್ತೊತ್ತಾಗಿ ಕೂತು ಗಟ್ಟಿ ಹೆಪ್ಪಾಗುತ್ತವೆ. ಅದನ್ನು ಎಷ್ಟು ಅಲುಗಾಡಿಸಿದರೂ ಮೇಲೆ ಬಾರದು. ಕಣಗಳು ಸಡಿಲವಾದ ಗುಂಪು ಕಟ್ಟುವಂತೆ ಮಾಡಿದರೆ ಬೇಗ ಇಳಿಯುತ್ತವೆ, ಆದರೆ ಎರಡು ಸಲ ಅಲುಗಾಡಿಸಿದರೆ ಮತ್ತೆ ಹರಡುತ್ತವೆ. ರೋಗಿಗೆ ಎರಡನೆಯದೇ ಕ್ಷೇಮ. ಸ್ಟೋಕ್ಸ್ ಸೂತ್ರ ದುಂಡಗಿನ ಕಣಗಳು ಒಂಟಿ ಒಂಟಿಯಾಗಿ ಇಳಿಯುವ ತೆಳು ಸಸ್ಪೆನ್ಷನ್ನಿನದು. ಬಾಟಲಿಯಲ್ಲಿ ಹಾಗಿರುವುದು ಅಪರೂಪ.

ಇನ್ನು ಸ್ನಿಗ್ಧತೆ ಹೆಚ್ಚಿಸಿ ಎನ್ನುವ ಮಾತು. ಎಲ್ಲಿ ಹೆಚ್ಚಿಸಬೇಕು? ಕಪಾಟಿನಲ್ಲಿ ಕೂತ ಬಾಟಲಿಯಲ್ಲಿ ಕಣ ಇಳಿಯುವಾಗ ಶಿಯರ್ ದರ ತೀರಾ ಕಡಿಮೆ. ಸುರಿಯುವಾಗ ಅದು ಸಾವಿರಾರು ಪಟ್ಟು ಹೆಚ್ಚು. ಸೂಜಿಯ ಮೂಲಕ ತಳ್ಳುವಾಗ ಅದಕ್ಕಿಂತಲೂ ಎಷ್ಟೋ ಹೆಚ್ಚು. ಗ್ಲಿಸರಿನ್ ಹಾಕಿ ದಪ್ಪ ಮಾಡಿದರೆ ಕಪಾಟಿನಲ್ಲೂ ದಪ್ಪ, ಸುರಿಯುವಾಗಲೂ ಅಷ್ಟೇ ದಪ್ಪ. ಕ್ಸಾಂಥನ್ ಗೋಂದು ಹಾಕಿದರೆ ನಿಂತಾಗ ಕಣಗಳನ್ನು ಎತ್ತಿ ಹಿಡಿಯುತ್ತದೆ, ಅಲುಗಾಡಿಸಿದಾಗ ಬಿಟ್ಟುಕೊಡುತ್ತದೆ. ನಮಗೆ ಬೇಕಾದದ್ದು ಆ ನಡತೆ.

ಫಾರ್ಮಸಿ ಮೇಷ್ಟ್ರು, ಮೈಸೂರು

ಒಪ್ಪುತ್ತೇನೆ. ತರಗತಿಯಲ್ಲಿ ಸ್ಟೋಕ್ಸ್ ಸೂತ್ರ ಮೊದಲು ಬರುತ್ತದೆ, ಗುಂಪುಗೂಡುವಿಕೆ ಬೇರೆ ಅಧ್ಯಾಯದಲ್ಲಿ ಬರುತ್ತದೆ. ಆದರೆ ಪ್ರತಿ ಬಾಟಲಿಯಲ್ಲೂ ಎರಡೂ ಒಟ್ಟಿಗೇ ಕೆಲಸ ಮಾಡುತ್ತಿರುತ್ತವೆ. ಅಂದ ಹಾಗೆ, ಕ್ಯಾಲಮೈನ್ ಲೋಷನ್ ನಿಮ್ಮ ಮಾತಿಗೆ ಒಳ್ಳೆಯ ಸಾಕ್ಷಿ. ಫಾರ್ಮಕೋಪಿಯಾದ ಸೂತ್ರದಲ್ಲಿ ಬೆಂಟೊನೈಟ್ ಜೇಡಿಯ ಜೊತೆ ಸೋಡಿಯಂ ಸಿಟ್ರೇಟ್ ಕೂಡ ಇದೆ. ಬೆಂಟೊನೈಟ್ ನೀರಿನಲ್ಲಿ ಉಬ್ಬಿ, ನಿಂತಾಗ ಜೆಲ್ ಆಗುತ್ತದೆ. ಸಿಟ್ರೇಟ್ ಕಣಗಳ ಗುಂಪುಗೂಡುವಿಕೆಯನ್ನು ಹತೋಟಿಯಲ್ಲಿಡುತ್ತದೆ. ಬಾಟಲಿ ಅಲುಗಾಡಿಸಿದರೆ ಜೆಲ್ ಮುರಿದು ಹರಿಯುತ್ತದೆ, ಇಟ್ಟ ಮೇಲೆ ಸ್ವಲ್ಪ ಹೊತ್ತಿಗೆ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಗುಣಕ್ಕೆ ಥಿಕ್ಸೋಟ್ರಪಿ ಎನ್ನುತ್ತಾರೆ. ಸ್ಯೂಡೋಪ್ಲಾಸ್ಟಿಕ್‌ಗೂ ಇದಕ್ಕೂ ಇರುವ ವ್ಯತ್ಯಾಸ ಕಾಲದ್ದು: ಇಲ್ಲಿ ಮುರಿದ ರಚನೆ ಮರಳಿ ಕಟ್ಟಿಕೊಳ್ಳಲು ಸಮಯ ಬೇಕು.

ವಾರ್ಡ್ ಸಿಸ್ಟರ್, ಮಂಡ್ಯ

ಹಾಗಾದರೆ ಹಳೆಯ ಪ್ರೊಕೇನ್ ಪೆನಿಸಿಲಿನ್ ಇಂಜೆಕ್ಷನ್ ಕೂಡ ಇದೇ ಜಾತಿಯದೇ? ನೋಡಲು ಅಷ್ಟು ಮಂದವಾಗಿದ್ದರೂ ಸೂಜಿಯಲ್ಲಿ ಇಳಿಯುತ್ತಿತ್ತು.

ನಂಜನಗೂಡು ಫಾರ್ಮುಲೇಷನ್

ಹೌದು ಸಿಸ್ಟರ್, ಥಿಕ್ಸೋಟ್ರಪಿಗೆ ಎಲ್ಲರೂ ಕೊಡುವ ಉದಾಹರಣೆಯೇ ಅದು. ಪ್ರೊಕೇನ್ ಪೆನಿಸಿಲಿನ್ ಜಿಯ ಶೇಕಡಾ 40ರಿಂದ 70ರಷ್ಟು ಗಟ್ಟಿ ಸಸ್ಪೆನ್ಷನ್‌ಗಳಲ್ಲಿ ಈ ಗುಣ ಕಾಣುತ್ತದೆ. ಸೂಜಿಯ ಕಿರಿದಾದ ದಾರಿಯಲ್ಲಿ ಹೋಗುವಾಗ ರಚನೆ ಮುರಿದು ಸಲೀಸಾಗಿ ಇಳಿಯುತ್ತದೆ. ಸ್ನಾಯುವಿನೊಳಗೆ ಹೋದ ಮೇಲೆ ಮತ್ತೆ ಕಟ್ಟಿಕೊಂಡು ಒಂದು ಗಡ್ಡೆಯಾಗಿ ಕೂರುತ್ತದೆ. ಅಲ್ಲಿಂದ ಔಷಧ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಹರಿವಿನ ಗುಣವೇ ಇಲ್ಲಿ ಚಿಕಿತ್ಸೆಯ ಭಾಗ.

ಇದಕ್ಕೆ ತದ್ವಿರುದ್ಧವಾದ ಡೈಲೇಟಂಟ್ ಜಾತಿಯೂ ಇದೆ. ಗುಂಪುಗೂಡದ ಕಣಗಳು ಶೇಕಡಾ 50ಕ್ಕೂ ಹೆಚ್ಚು ತುಂಬಿರುವ ಸಸ್ಪೆನ್ಷನ್ನನ್ನು ಜೋರಾಗಿ ಕಲಕಿದರೆ ಗಟ್ಟಿಯಾಗಿಬಿಡುತ್ತದೆ. ಗೊತ್ತಿಲ್ಲದೆ ವೇಗದ ಮಿಕ್ಸರ್‌ಗೆ ಹಾಕಿದರೆ ಮೋಟಾರಿಗೆ ಅಪಾಯ. ಅದನ್ನು ಪ್ರಯೋಗಾಲಯದ ಸಣ್ಣ ಬೀಕರಿನಲ್ಲೇ ಕಂಡುಹಿಡಿಯಬೇಕು.

ಕಬ್ಬಿನೂರು ವಿದ್ಯಾರ್ಥಿನಿ, ಮಂಡ್ಯ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಗ್ಲಿಸರಿನ್ ಪ್ರಯೋಗವನ್ನು 25 ಡಿಗ್ರಿಯ ತೊಟ್ಟಿಯಲ್ಲಿ ಮತ್ತೆ ಮಾಡಲು ಅನುಮತಿ ಸಿಕ್ಕಿದೆ. ಸಿಎಂಸಿ ಮತ್ತು ಬೆಂಟೊನೈಟ್ ಎರಡನ್ನೂ ತಿರುಗುವ ವಿಸ್ಕೋಮೀಟರ್‌ನಲ್ಲಿ ನೋಡಲು ಸೀನಿಯರ್ ಒಬ್ಬರು ಸಹಾಯ ಮಾಡುತ್ತೇನೆ ಎಂದಿದ್ದಾರೆ. ಎರಡರ ನಡುವಿನ ವ್ಯತ್ಯಾಸ ಅಂಕಿಗಳಲ್ಲೇ ಕಾಣಬೇಕಾದರೆ ಏನು ಮಾಡಬೇಕು?

ನಂಜನಗೂಡು ಫಾರ್ಮುಲೇಷನ್

ವೇಗವನ್ನು ಹಂತ ಹಂತವಾಗಿ ಏರಿಸಿ ಓದು ಬರೆದುಕೊಳ್ಳಿ. ನಿಲ್ಲಿಸದೆ ಅದೇ ಹಂತಗಳಲ್ಲಿ ಇಳಿಸಿ ಮತ್ತೆ ಬರೆದುಕೊಳ್ಳಿ. ಸಿಎಂಸಿಯಲ್ಲಿ ಏರುವ ಗೆರೆ ಇಳಿಯುವ ಗೆರೆ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಬೆಂಟೊನೈಟ್‌ನಲ್ಲಿ ಇಳಿಯುವಾಗಿನ ಒತ್ತಡ ಏರುವಾಗಿನದಕ್ಕಿಂತ ಕಡಿಮೆ ಬಂದು ನಡುವೆ ಒಂದು ಕುಣಿಕೆ ಮೂಡುತ್ತದೆ. ಆ ಕುಣಿಕೆಯ ವಿಸ್ತೀರ್ಣ ಎಷ್ಟು ರಚನೆ ಮುರಿಯಿತು ಎಂಬುದರ ಸೂಚನೆ.

ಫಾರ್ಮಸಿ ಮೇಷ್ಟ್ರು, ಮೈಸೂರು

ಬೆಂಟೊನೈಟನ್ನು ಹಿಂದಿನ ದಿನವೇ ನೀರಿಗೆ ಉದುರಿಸಿ ರಾತ್ರಿಯಿಡೀ ಉಬ್ಬಲು ಬಿಡಿ. ಅದನ್ನು ಅಳತೆಯ ಪಾತ್ರೆಗೆ ಸುರಿಯುವಾಗಲೇ ರಚನೆ ಅರ್ಧ ಮುರಿದಿರುತ್ತದೆ, ಹಾಗಾಗಿ ಸುರಿದ ಮೇಲೆ ಪ್ರತಿ ಸಲವೂ ಒಂದೇ ಅವಧಿ ಬಿಟ್ಟು ಅಳತೆ ಶುರು ಮಾಡಿ. ಉಪಕರಣ ತೋರಿಸುವ ಟಾರ್ಕ್ (ಸ್ಪಿಂಡಲ್ ತಿರುಗಿಸಲು ಬೇಕಾದ ಬಲ) ಗರಿಷ್ಠದ ಶೇಕಡಾ 10ಕ್ಕಿಂತ ಕೆಳಗಿದ್ದರೆ ಸ್ಪಿಂಡಲ್ ಬದಲಿಸಿ. ಪ್ರತಿ ವೇಗದಲ್ಲಿ ಎಷ್ಟು ಸೆಕೆಂಡ್ ತಿರುಗಿಸಿದಿರಿ ಎಂಬುದನ್ನೂ ಉಷ್ಣತೆಯ ಪಕ್ಕದಲ್ಲೇ ಬರೆಯಿರಿ. ಗ್ರಾಫ್ ಬಂದ ಮೇಲೆ ಇಲ್ಲಿ ಹಾಕಿ, ನೋಡೋಣ.